ಸೀರೆಯ ಫೋಟೋದಲ್ಲಿ ಅಪ್ಪನನ್ನು ಹುಡುಕಿದ್ದು

ಬಾಳೂರಿನ ಕಾಫಿ ತೋಟದ ನಮ್ಮ ಕೂಲಿ ಲೈನಿನ ಮನೆಗಳಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ನಾನು. ಹಾಗಾಗಿ ಚಿಕ್ಕಮಗಳೂರಿನ ಫೋಟೋ ಮ್ಯೂಸಿಯಮ್ಮಿಗೆ ಹೋಗಿ ಅಪ್ಪನನ್ನು ಪತ್ತೆ ಹಚ್ಚಿ ತರುವುದು ನನಗೆ ನೀರು ಕುಡಿದಷ್ಟು ಸುಲಭ ಅಂದುಕೊಂಡಿದ್ದೆ.

ಅಪ್ಪ ತೀರಿಕೊಂಡಾಗ ನನಗೆ ಎರಡು ವರ್ಷ. ಅವರದೊಂದು ಫೋಟೋ ಕೂಡ ಮನೆಯಲ್ಲಿಲ್ಲ. ತಿಥಿಯ ದಿನ ಅವ್ವ ಖಾಲಿ ಗೋಡೆಗೇ ಹೂವಿಡುತ್ತಾಳೆ. ಮೊನ್ನೆ, ತೋಟದಲ್ಲಿ ಹಾಜರಿ ಬರೆಯುತ್ತಿದ್ದ ಹಳೇ ರೈಟರು ಸುದ್ದಿ ತಂದರು.

"ನೀನು ಕೂಸಿದ್ದಾಗ ನಮ್ ತೋಟದಲ್ಲಿ ಸೀರೆ ಜಾಹೀರಾತಿಗೆ ಫೋಟೋ ತೆಗೆದಿದ್ರಲ್ಲ, ಅದನ್ನ ಮ್ಯೂಸಿಯಮ್ಮಲ್ಲಿ ಹಾಕಿದಾರೆ ಮಾರಾಯ. ನಿಮ್ಮಪ್ಪನೂ ಅದ್ರಲ್ಲಿ ಬಿದ್ದಿದಾನಂತೆ. ಫ್ಯಾಷನ್ ಪ್ರದರ್ಶನ ಅಂತೆ, ನಾಳೆಗೆ ಮುಗೀತದೆ!"

ಮರುದಿನ ಬೆಳಿಗ್ಗೆ, ಮದುವೆಗೆ ಹೊಲಿಸಿದ್ದ ಕೋಟು ಹಾಕಿಕೊಂಡೆ. ಗಾಜಿನ ಫ್ರೇಮೊಂದನ್ನು ಮುಂಗಡವಾಗಿಯೇ ಕೊಂಡು ಬಗಲಿಗಿಟ್ಟುಕೊಂಡೆ. "ಸಂಜೆ ಅಪ್ಪನ್ನ ಕರ್ಕೊಂಡು ಬರ್ತೀನಿ" ಎಂದು ಲೈನಿಗೆಲ್ಲ ಘೋಷಿಸಿ ಅವ್ವನೊಂದಿಗೆ ಹೊರಟೆ.

ಬಾಗಿಲಲ್ಲಿ ಕಾವಲಿನವನು ತಡೆದ. "ಯಾರದ್ರೀ ಈ ಫ್ರೇಮು?"

"ನಮ್ಮಪ್ಪಂದು."

"ಅಪ್ಪ ಎಲ್ಲಿ?"

"ಒಳಗಿದ್ದಾರೆ!"

ಅವನು ಅವ್ವನ ಮುಖವನ್ನು ಕನಿಕರದಿಂದ ನೋಡಿ ದಾರಿ ಬಿಟ್ಟ.

ಒಳಗೆ ಗೋಡೆ ತುಂಬ ಉದ್ದುದ್ದ ಹೆಂಗಸರು. ಒಬ್ಬಳಾದರೂ ನಗುತ್ತಿರಲಿಲ್ಲ.

"ಇಷ್ಟ್ ಒಳ್ಳೆ ಸೀರೆ ಉಟ್ಕಂಡು ಯಾಕೋ ಹೀಗೆ ಮುಖ ಊದಿಸ್ಕಂಡಿದಾರೆ?" ಎಂದಳು ಅವ್ವ.

"ಅದು ಫ್ಯಾಷನ್ನು" ಎಂದು ಪದವೀಧರನ ಗಾಂಭೀರ್ಯದಿಂದ ವಿವರಿಸಿದೆ.

ಕೊನೆಯ ಗೋಡೆಯಲ್ಲಿ ನಮ್ಮ ತೋಟ! ಮುಂದೆ ಕೆಂಪು ಸೀರೆಯ ರೂಪದರ್ಶಿ. ಹಿಂದೆ ಕಾಫಿ ಗಿಡಗಳ ನಡುವೆ ದಪ್ಪ ಮೀಸೆಯ ಗಂಡಸು. ಮಗನನ್ನು ಪದವೀಧರನನ್ನಾಗಿ ಮಾಡುವವನ ಗತ್ತು ಆ ನಿಲುವಿನಲ್ಲೇ ಇತ್ತು. ನನ್ನ ಕಣ್ಣು ತುಂಬಿತು. ನೆಲಕ್ಕೆ ಹಣೆ ಮುಟ್ಟಿಸಿ ನಮಸ್ಕರಿಸಿದೆ. ಸುತ್ತಲಿದ್ದವರಿಗೆಲ್ಲ "ಮೈ ಫಾದರ್!" ಎಂದೆ. ಒಬ್ಬರು ಕೈ ಕೂಡ ಕುಲುಕಿದರು.

ಅವ್ವ ಮೆಲ್ಲಗೆ ಕೋಟು ಜಗ್ಗಿದಳು. "ಏಳೋ ಮಾರಾಯ. ಅವ್ನು ಜೀಪ್ ಡ್ರೈವರು. ನಿಮ್ಮಪ್ಪನ ಹಲ್ಲು ಉದುರಿಸಿದ್ದು ಅವ್ನೇ."

"ಹಾಗಾದ್ರೆ ಅಪ್ಪ?"

ಅವಳು ಚಿತ್ರದ ಅಂಚು ತೋರಿಸಿದಳು. ರೂಪದರ್ಶಿಯ ಮುಖಕ್ಕೆ ಬಿಸಿಲು ಹಾಯಿಸುವ ಬೆಳ್ಳಿ ಹಾಳೆಯ ಒಂದು ಮೂಲೆ, ಅದನ್ನು ಹಿಡಿದವನ ಮೊಣಕೈ. ಅಷ್ಟೇ. ಉಳಿದ ಅಪ್ಪ ಚಿತ್ರದ ಆಚೆ.

"ಕತ್ತಿ ತಾಗಿದ ಗುರುತು ನೋಡು. ನಾನೇ ಅರಿಶಿಣ ಒತ್ತಿದ್ದು." ಅವ್ವ ಅಲ್ಲಿಂದ ಕದಲಲೇ ಇಲ್ಲ.

ಬಾಗಿಲು ಹಾಕುವ ಹೊತ್ತಾಯಿತು. ಕಾವಲಿನವನು ಆಚೀಚೆ ನೋಡಿ, "ಇಲ್ಲಿ ಫೋಟೋ ತೆಗೆಯಂಗಿಲ್ಲ. ಒಂದೇ ಒಂದು ತಗೊಂಡು ಹೊರಡಿ" ಎಂದ. ಅವಸರದಲ್ಲಿ ಮೊಬೈಲು ಹಿಡಿದು ತೆಗೆದೆ.

ಬಸ್ಸು ಮೂಡಿಗೆರೆ ದಾಟಿದ ಮೇಲೆ ಅವ್ವ "ತೋರ್ಸು" ಎಂದಳು. ರೂಪದರ್ಶಿ ಇದ್ದಳು. ಡ್ರೈವರಿದ್ದ, ಮೀಸೆ ಸಮೇತ. ಮೊಣಕೈ ಇರಬೇಕಾದಲ್ಲಿ ಮಾತ್ರ ಏನೋ ದಪ್ಪಗೆ, ಮಸುಕಾಗಿ ಅಡ್ಡ ನಿಂತಿತ್ತು.

"ಇದೇನೋ?"

"ನನ್ನ ಹೆಬ್ಬೆಟ್ಟು."

ಅವ್ವ ಕಿಟಕಿಯ ಕಡೆ ತಿರುಗಿ ಕೂತಳು. ನಮ್ಮಜ್ಜ, ನಮ್ಮಪ್ಪ ಎಲ್ಲರೂ ಹೆಬ್ಬೆಟ್ಟು ಒತ್ತಿದವರೇ. ಆ ಕಾಲ ನನ್ನ ಡಿಗ್ರಿಯೊಂದಿಗೆ ಮುಗಿಯಿತೆಂದು ಬೀಗಿದ್ದೆ. ಕೊನೆಗೆ ನಾನೂ ಒತ್ತಿದೆ, ಅದೂ ಅಪ್ಪನ ಮೇಲೆಯೇ!