ಕಹಳಾವತಿಯ ಹತ್ತಿ ಸುಧಾರಣೆ

ಬಹಳ ಹಿಂದೆ, ಈಗಿನ ತಪ್ಪುಗಳೆಲ್ಲ ಇನ್ನೂ ಹೊಸದಾಗಿದ್ದ ಕಾಲದಲ್ಲಿ, ಕಹಳಾವತಿ ಎಂಬ ರಾಜ್ಯವಿತ್ತು. ಅಲ್ಲಿ ಕಹಳೆ ಊದಿದರೆ ಕೈಲಿದ್ದ ಕೆಲಸ ಅಲ್ಲಿಗೇ ನಿಲ್ಲಬೇಕು. ಮಹಾರಾಜ ತೃಪ್ತಿವರ್ಮರಂತೂ ಕಹಳೆ ಕೇಳಿದೊಡನೆ ನಿಂತಲ್ಲೇ ಪವಡಿಸುತ್ತಿದ್ದರು. ಹೊಸ ಅಧಿಕಾರಿಗಳನ್ನು ರಾಜರ ಪಡಿಯಚ್ಚಿನಂತೆ ತಯಾರಿಸುವುದು ಸಂಪ್ರದಾಯವಾದ್ದರಿಂದ ಅವರೂ ಹಾಗೆಯೇ ಉರುಳುತ್ತಿದ್ದರು. ಪ್ರಮಾಣವಚನದ ಮಧ್ಯೆ ಕಹಳೆ ಮೊಳಗಿ, ಅರ್ಧ ಅಧಿಕಾರಿಗಳಾದವರು ಅರಮನೆಯ ಅಂಗಳದ ತುಂಬ ಗೊರಕೆ ಹೊಡೆಯುತ್ತಿದ್ದರು.

ನೇಮಕಾತಿ ಮಂತ್ರಿ ಶೀಘ್ರದತ್ತನಿಗೆ ತಲೆ ಕೆಟ್ಟುಹೋಯಿತು. ಅವನೊಂದು ಸುಧಾರಣಾ ಪ್ಯಾಕೇಜ್ ತಂದ: ಪ್ರಮಾಣವಚನಕ್ಕೆ ಮೊದಲು ಅಭ್ಯರ್ಥಿಯ ಕಿವಿಗೆ ಹತ್ತಿ ತುರುಕುವುದು. ಉಪಾಯ ಒಳ್ಳೆಯದೇ. ಕೆಲಸದ ಜಾಗ ತಲುಪಿದ ಮೇಲೆ ಹತ್ತಿ ತೆಗೆಯಬೇಕೆಂದು ಆಜ್ಞೆಯಲ್ಲಿ ಸೇರಿಸುವುದನ್ನು ಮಾತ್ರ ಪುಣ್ಯಾತ್ಮ ಮರೆತ.

ಹೀಗೆ ನೇಮಕವಾದ ಮೊದಲಿಗ ದುಗ್ಗಸೇನ. ಕೆರೆಯಿಂದ ಊರಬಾಗಿಲವರೆಗೆ ಕಾಲುವೆ ತೋಡಿಸುವುದು ಅವನ ಕೆಲಸ. ಬಾಗಿಲು ಬಂತು, ನಿಲ್ಲಿಸಲು ಕಹಳೆಯೂ ಮೊಳಗಿತು. ಆಳುಗಳು ಸಲಿಕೆ ಕೆಳಗಿಟ್ಟರು. ದುಗ್ಗಸೇನ ಬೆತ್ತ ಎತ್ತಿದ. ಅವರು ಮತ್ತೆ ಸಲಿಕೆ ಎತ್ತಿದರು. ಕಾಲುವೆ ಸಂತೆಬೀದಿಯನ್ನು ಸೀಳಿ, ಶೀಘ್ರದತ್ತನ ಹೊಸ ಮನೆಯ ಜಗಲಿಗೆ ಬಂತು. ಗೃಹಪ್ರವೇಶದ ತೋರಣ ಇನ್ನೂ ಬಾಡಿರಲಿಲ್ಲ.

"ನಿಲ್ಸಯ್ಯಾ ದುಗ್ಗಸೇನ! ಅದು ನನ್ ಮನೆ ಕಣಯ್ಯಾ!" ಮಂತ್ರಿ ಓಡೋಡಿ ಬಂದು ಅರಚಿದ.

ದುಗ್ಗಸೇನ ಕೈಮುಗಿದ. "ಸಂತೋಷ ಬುದ್ಧಿ. ಇನ್ನೂ ಆಳವಾಗೇ ತೋಡಿಸ್ತೀನಿ."

ಶೀಘ್ರದತ್ತನ ಕೈ ದುಗ್ಗಸೇನನ ಕಿವಿಯ ಹತ್ತಿಯತ್ತ ಚಾಚಿತು. ಅಷ್ಟರಲ್ಲಿ ರಾಜರ ಪಲ್ಲಕ್ಕಿ ಬಂದು ನಿಂತಿತು.

"ಆಹಾ, ಎಂಥ ಏಕಾಗ್ರತೆ! ಊರೆಲ್ಲ ಬಾಯಿ ಬಡ್ಕೊಂಡ್ರೂ ತಿರುಗಿ ನೋಡಲ್ವಲ್ರೀ! ಯಾರದು ಈ ಯೋಜನೆ?"

ಹತ್ತಿ ಕಿತ್ತರೆ ಮನೆ ಉಳಿದೀತು, ತಪ್ಪು ಬಯಲಾಗಿ ಕುರ್ಚಿ ಹೋದೀತು. ಶೀಘ್ರದತ್ತ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ.

"ನಂದೇ ಮಹಾಸ್ವಾಮಿ. ಟೋಟಲ್ ಫೋಕಸ್ ಯೋಜನೆ."

ಅವನ ಬೆನ್ನ ಹಿಂದೆ ಮನೆ ಧೊಪ್ಪನೆ ಕುಸಿಯಿತು. ಅವನು ತಿರುಗಿ ನೋಡಲಿಲ್ಲ. ರಾಜರು ಅದನ್ನೂ ಏಕಾಗ್ರತೆಯೆಂದೇ ಮೆಚ್ಚಿದರು.

ಅಂದೇ ಆಸ್ಥಾನದವರೆಲ್ಲರಿಗೂ ಹತ್ತಿ ಕಡ್ಡಾಯವಾಯಿತು. ಮೊದಲ ಉಂಡೆ ಮಹಾರಾಜರ ಕಿವಿಗೇ ಹೋಯಿತು. ಕಹಳೆಯಿಲ್ಲದೆಯೂ ಮಲಗುವುದನ್ನು ಅವರು ಆಗಲೇ ಕಲಿತಿದ್ದರು. ಶೀಘ್ರದತ್ತನಿಗೆ 'ಕರ್ಣಭೂಷಣ' ಬಿರುದು ಬಂತು. ಶಾಲು ಹೊದಿಸುವಾಗ ಅವನು ಮೆಲ್ಲಗೆ, "ಸ್ವಾಮೀ, ಇರೋಕೊಂದು ಮನೆ..." ಎಂದ. ರಾಜರು ನಕ್ಕು, "ನಿಮಗೂ ಶುಭವಾಗಲಿ" ಎಂದರು.

ಕಾಲುವೆ ಈಗ ಪಕ್ಕದ ಕೇರಿಯನ್ನು ದಾಟುತ್ತಿತ್ತು. ಕಹಳೆಯನ್ನು ಕೈಬಿಡುವಂತಿರಲಿಲ್ಲ, ಪರಂಪರೆ ನೋಡಿ. ಅದು ಯಾರ ಕಿವಿಗೆ ಬೀಳುತ್ತದೋ ಅವರೇ ಅದರ ಖರ್ಚು ಭರಿಸತಕ್ಕದ್ದೆಂದು ಫರ್ಮಾನು ಹೊರಟಿತು. ಅಷ್ಟು ಹೊತ್ತಿಗೆ ರಾಜ್ಯದಲ್ಲಿ ಕಿವಿ ಕೇಳಿಸುತ್ತಿದ್ದುದು ಪ್ರಜೆಗಳಿಗೆ ಮಾತ್ರ.