ಎಂಜಿನ್ನಿನ ತೇಗು, ಅತ್ತೆಯ ಧೂಪ

ಆ ಶುಕ್ರವಾರ ಶಾರ್ಜಾ ಮರಳುಗಾಡಿನ ನಮ್ಮ ಇಡೀ ಧೈದ್ ಊರಿಗೆ ಕೇಳುವಂತೆ ನಾನೊಂದು ಘೋರ ಪ್ರತಿಜ್ಞೆ ಮಾಡಿದೆ: ಇನ್ನು ಮುಂದೆ ನನ್ನ ಗಾಡಿಯ ಎಂಜಿನ್ನಿಗೆ ವೈದ್ಯನೂ ನಾನೇ, ದಾದಿಯೂ ನಾನೇ! ಯಾವ ಗ್ಯಾರೇಜಿನವನೂ ಅದರ ಬಾನೆಟ್ ಎತ್ತಕೂಡದು!

ಇಷ್ಟು ರೋಷ ಬರಲು ಕಾರಣವಿತ್ತು. ಅಂದು ಬೆಳಿಗ್ಗೆ ನಾವೆಲ್ಲ ಊರಾಚೆಯ ದೊಡ್ಡ ಮರಳುದಿಬ್ಬ ಹತ್ತಲು ಗಾಡಿ ತೆಗೆದುಕೊಂಡು ಹೋಗಿದ್ದೆವು. ನನ್ನದು ಆರು ಸಿಲಿಂಡರಿನ ಗಾಡಿ. ಸಾಲದ್ದಕ್ಕೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಬೇರೆ ಕೂರಿಸಿದ್ದೆ. ಅರ್ಧ ದಿಬ್ಬ ಏರಿರಲಿಲ್ಲ, ಬಾನೆಟ್ಟಿನೊಳಗೆ 'ಟಪ್!' ಎಂದಿತು. ಆಯಿಲ್ ಮಟ್ಟ ನೋಡುವ ಕಡ್ಡಿ ತನ್ನ ಗೂಡಿನಿಂದ ಬಾಣದಂತೆ ಚಿಮ್ಮಿ, ಎಂಜಿನ್ನಿಗೆಲ್ಲ ಎಣ್ಣೆಯ ಅಭಿಷೇಕ! ಏನಾಯಿತೆಂದು ಬಗ್ಗಿ ನೋಡಿದ ನನ್ನ ಷಡ್ಡಕ ಸುಹೈಲನ ಬಿಳಿ ನಿಲುವಂಗಿ ಚಿರತೆಯ ಚರ್ಮವಾಯಿತು.

"ಮುಸಬ್ಬಹ್, ನಿನ್ನ ಎಂಜಿನ್ನಿನ ಹೊಟ್ಟೇಲಿ ಗಾಳಿ ತುಂಬಿದೆ" ಎಂದ ಅವನು, ಅಂಗಿ ಝಾಡಿಸುತ್ತ. "ಟರ್ಬೊ ಹಾಕಿ ಅದಕ್ಕೆ ಮೂರಾಳಿನ ಊಟ ಬಡಿಸ್ತಿದೀಯ. ತೇಗೋದಕ್ಕೆ ಮಾತ್ರ ಹಳೇ ಸಣ್ಣ ತೂತು! ಗ್ಯಾರೇಜಿಗೆ ಕೊಟ್ಟು ದೊಡ್ಡ ದಾರಿ ಮಾಡಿಸು."

"ಎರಡು ಫಿಟ್ಟಿಂಗು, ಎರಡು ಪೈಪು, ಒಂದು ಡಬ್ಬಿ. ಇಷ್ಟಕ್ಕೆ ಗ್ಯಾರೇಜಿನವನ ಕಾಲು ಹಿಡೀಬೇಕಾ? ನಾನೇ ಮಾಡ್ತೀನಿ!"

"ಗುರುವಾರ ಮದುವೆ ಇದೆ. ಅತ್ತೇನ ಕರ್ಕೊಂಡು ಹೋಗೋದು ನಿನ್ನ ಗಾಡೀಲಿ. ನೆನಪಿದೆ ತಾನೆ? ಆಗಲ್ಲ ಅಂದ್ರೆ ಈಗಲೇ ಹೇಳು, ನಾನು ಕರ್ಕೊಂಡು ಹೋಗ್ತೀನಿ."

ನನ್ನ ಹೊಟ್ಟೆಯಲ್ಲೂ ಗಾಳಿ ತುಂಬಿದ್ದು ಆಗಲೇ! ನನ್ನ ಹೆಂಡತಿ ಔಶಾಳ ಕೊನೆಯ ತಂಗಿ ಮೈಥಾಳ ಮದುವೆ ಅದು. ಮಗ ಘಾನಿಮನ ಹೆಸರಿನಿಂದ ಉಮ್ ಘಾನಿಮ್ ಎನಿಸಿಕೊಂಡ ನಮ್ಮತ್ತೆ ಸಾಮಾನ್ಯ ಹೆಂಗಸಲ್ಲ. ಮಾವ ತೀರಿಕೊಂಡಾಗಲೂ ಜನರೆದುರು ಒಂದು ಹನಿ ಕಣ್ಣೀರು ಹಾಕದ ಗಟ್ಟಿಗಿತ್ತಿ. ಅಂಥವರು ನೆಂಟರೆಲ್ಲರ ಮುಂದೆ, "ಮದುವೆಗೆ ನಾನು ಹಿರೀ ಅಳಿಯನ ಗಾಡೀಲೇ ಬರೋದು" ಎಂದಿದ್ದರು. ಮದುವೆಯಾದಾಗಿನಿಂದ ಅವರು ನನಗೆ ಕೊಟ್ಟ ಮೊದಲ ಬಿರುದು ಅದು. ಅದನ್ನು ಸುಹೈಲನಿಗೆ ಬಿಟ್ಟುಕೊಡುವುದೇ? ಪ್ರಾಣ ಹೋದರೂ ಇಲ್ಲ!

ಶೆಡ್ಡು ಸೇರಿದೆ. ಎಂಜಿನ್ನಿನ ತಲೆಯ ಮೇಲಿನ ಮುಚ್ಚಳ ಬಿಚ್ಚಿ, ಡ್ರಿಲ್ ಹಿಡಿದು ಎರಡು ತೂತು ಕೊರೆದು, ಫಿಟ್ಟಿಂಗು ಕೂರಿಸಿದೆ. ಅವಕ್ಕೆ ಹೆಬ್ಬೆರಳು ಗಾತ್ರದ ಪೈಪು ಸಿಕ್ಕಿಸಿ, ಇನ್ನೊಂದು ತುದಿಯನ್ನು ಒಂದು ಡಬ್ಬಿಗೆ ಇಳಿಬಿಟ್ಟೆ. ಎಣ್ಣೆಯ ಪಸೆ ಡಬ್ಬಿಯಲ್ಲಿ ಉಳಿಯಬೇಕು, ಗಾಳಿ ಮೇಲಿನ ಜಾಲರಿಯಿಂದ ಹೊರಹೋಗಬೇಕು. ಡಬ್ಬಿಗೆ ಎಲ್ಲೂ ಜಾಗ ಸಾಲದೆ, ಕೊನೆಗೆ ಮುಂದಿನ ಗಾಜಿನ ಬುಡದಲ್ಲಿ ಸೊಗಸಾಗಿ ನಿಲ್ಲಿಸಿದೆ. ಬುಧವಾರ ಸಂಜೆ ಎಂಜಿನ್ ಚಾಲೂ ಮಾಡಿದರೆ ಆಹಾ! ಕಡ್ಡಿ ಅಲುಗಲಿಲ್ಲ, ಒಂದು ಹನಿ ಎಣ್ಣೆ ಸೋರಲಿಲ್ಲ. ಹೆಮ್ಮೆ ತಡೆಯಲಾರದೆ ಔಶಾಳನ್ನು ಕೂರಿಸಿಕೊಂಡು ಒಂದು ಸುತ್ತು ಹೊರಟೆ.

ಊರ ಬಾಗಿಲು ದಾಟಿರಲಿಲ್ಲ, ಅವಳು ಸೆರಗಿನಂತೆ ಶಾಲು ಎಳೆದು ಮೂಗು ಮುಚ್ಚಿಕೊಂಡಳು.

"ಅಬೂ ಥಾನಿ!"

ಮಗನ ಹೆಸರು ಹಿಡಿದು ಕರೆಯುವುದು ನಮ್ಮಲ್ಲಿ ಗಂಡನಿಗೆ ಕೊಡುವ ಮರ್ಯಾದೆ. ಔಶಾ ಕರೆಯುವ ಧಾಟಿಯಲ್ಲಿ ಮಾತ್ರ ಅದು ಪೊಲೀಸರ ಸೀಟಿ.

"ಏನ್ರೀ ಇದು ವಾಸನೆ? ಹಳೇ ಎಣ್ಣೇಲಿ ಟೈರು ಕರಿದ ಹಾಗಿದೆ!"

ಆಗ ಹೊಳೆಯಿತು. ಏಸಿಗೆ ಹೊರಗಿನ ಗಾಳಿ ಎಳೆದುಕೊಳ್ಳುವ ಕಿಂಡಿ ಇರುವುದೂ ಆ ಗಾಜಿನ ಬುಡದಲ್ಲೇ! ಎಂಜಿನ್ ತೇಗಿದ್ದೆಲ್ಲ ನೇರ ನಮ್ಮ ಮೂಗಿಗೆ!

"ಎಂಜಿನ್ ಸುಖವಾಗಿ ತೇಗ್ತಾ ಇದೆ ಕಣೇ" ಎಂದೆ, ಮೆತ್ತಗೆ.

"ತೇಗಲಿ ಬಿಡಿ, ಬೇಡ ಅಂದೋರು ಯಾರು? ನನ್ನ ಮುಖದ ಮೇಲೇ ತೇಗಬೇಕಾ? ನಾಳೆ ಅಮ್ಮ ಈ ವಾಸನೇಲಿ ಹಾಲ್‌ಗೆ ಹೋದ್ರೆ ಬೀಗರು ಏನಂದ್ಕೋತಾರೆ? ಮದುಮಗಳ ತಾಯಿ ಪೆಟ್ರೋಲ್ ಬಂಕಿಂದ ಬಂದ್ಲು ಅನ್ನಲ್ವಾ?"

ನಮ್ಮಲ್ಲಿ ಮದುವೆಗೆ ಬಂದ ಹೆಂಗಸನ್ನು ಕಣ್ಣಿಗಿಂತ ಮೊದಲು ಮೂಗು ಅಳೆಯುತ್ತದೆ. ಬಟ್ಟೆಗೆ, ಕೂದಲಿಗೆ ಬಖೂರ್ ಧೂಪದ ಹೊಗೆ ಹಿಡಿಯದೆ ಯಾರೂ ಹೊಸ್ತಿಲು ದಾಟುವುದಿಲ್ಲ.

ಗುರುವಾರ ಬೆಳಗಿನಿಂದ ಡಬ್ಬಿ ಕಿತ್ತು ಹೇಗೋ ಜಾಗ ಮಾಡಿ ಬೇರೆ ಕಡೆ ಕೂರಿಸಿದೆ, ಪೈಪು ತಿರುಗಿಸಿದೆ, ಸೀಮೆಎಣ್ಣೆ ಹಾಕಿ ಎಂಜಿನ್ ತಿಕ್ಕಿದೆ. ತಿಕ್ಕಿ ತಿಕ್ಕಿ ನನ್ನ ಮೂಗೇ ಸತ್ತುಹೋಯಿತು. ಗುಲಾಬಿಯನ್ನೂ ಗ್ರೀಸನ್ನೂ ಮುಂದಿಟ್ಟರೆ ಯಾವುದು ಯಾವುದೆಂದು ಹೇಳಲಾರದ ಸ್ಥಿತಿ! ಜೊತೆಗೆ ಮನಸ್ಸಿನಲ್ಲಿ ಒಂದೇ ಹೆದರಿಕೆ: ಪೈಪು ಜಾರಿ ಬಿಸಿ ಎಂಜಿನ್ನಿನ ಮೇಲೆ ಎಣ್ಣೆ ಬಿದ್ದು ಹೊತ್ತಿಕೊಂಡರೆ? ಎಂಜಿನ್ ಚಾಲೂ ಮಾಡಿ ಪರೀಕ್ಷಿಸಿ, ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿ, ಸ್ನಾನಕ್ಕೆ ಓಡಿದೆ. ಅತ್ತೆ ಆಗಲೇ ನಮ್ಮ ಮನೆಗೆ ಬಂದು ಕಾಫಿ ಕುಡಿಯುತ್ತಿದ್ದರು. ಸುಹೈಲ್ ಮದುಮಗಳನ್ನೂ ಉಳಿದ ಹೆಂಗಸರನ್ನೂ ಕರೆದುಕೊಂಡು ಹೊರಟುಹೋಗಿದ್ದ.

ಗಂಜಿ ಹಾಕಿದ ಬಿಳಿ ನಿಲುವಂಗಿ ತೊಟ್ಟು, ಅತ್ತರು ಬಳಿದು, ಮೀಸೆ ತಿರುವುತ್ತ ಹೊರಗೆ ಬಂದೆ.

ಗಾಡಿಯ ಕಿಟಕಿಯ ಸಂದಿನಿಂದ ಬುಸುಬುಸು ಹೊಗೆ!

ಕಪ್ಪು ಗಾಜಿನಾಚೆ ಏನೂ ಕಾಣುತ್ತಿಲ್ಲ. "ಔಶಾ! ಗಾಡಿಗೆ ಬೆಂಕಿ!" ಎಂದು ಕಿರುಚಿ, ಶೆಡ್ಡಿನ ಗೋಡೆಯಲ್ಲಿದ್ದ ಬೆಂಕಿ ಆರಿಸುವ ಪುಡಿಯ ಕೆಂಪು ಸಿಲಿಂಡರ್ ಕಿತ್ತುಕೊಂಡು ಓಡಿದೆ. ಹಿಂದಿನ ಬಾಗಿಲು ಎಳೆದೆ. ಹೊಗೆ ಮುಖಕ್ಕೆ ಅಪ್ಪಳಿಸಿತು. ಸತ್ತ ಮೂಗು ಸುಳಿವೇ ಕೊಡಲಿಲ್ಲ. ದೇವರ ಹೆಸರು ಹೇಳಿ ಹಿಡಿ ಒತ್ತಿದೆ. ಬುಸ್ಸ್ಸ್! ಸಿಲಿಂಡರ್ ಖಾಲಿಯಾಗುವವರೆಗೆ ಬಿಟ್ಟವನಲ್ಲ!

"ರೀ! ಬೇಡಾ! ಒಳಗೆ ಅಮ್ಮ ಇದಾಳೆ!" ಮನೆಯೊಳಗಿಂದ ಔಶಾ ಬಾಯಿ ಬಡಿದುಕೊಂಡು ಓಡಿಬಂದಳು.

ಬಿಳಿ ಮೋಡದೊಳಗಿಂದ ಒಂದು ಕೆಮ್ಮು. ಆಮೇಲೆ ಒಂದು ಕಾಲು. ಆಮೇಲೆ ನಮ್ಮತ್ತೆ! ಕಪ್ಪು ನಿಲುವಂಗಿ ಅಡಿಯಿಂದ ಮುಡಿವರೆಗೆ ಮೈದಾಹಿಟ್ಟಿನಲ್ಲಿ ಹೊರಳಿದಂತೆ ಬೆಳ್ಳಗಾಗಿತ್ತು. ಅವರ ವಯಸ್ಸಿನ ಹೆಂಗಸರು ತೊಡುವ ಮಿರುಗುವ ಮುಖಪಟ್ಟಿಯೂ ಬಿಳಿ. ಅದರ ಎರಡು ಕಿಂಡಿಗಳಲ್ಲಿ ಎರಡು ಕೆಂಪು ಕಣ್ಣು. ಕೈಯಲ್ಲಿ ಧೂಪದಾನಿ. ಕೆಂಡ ಆರಿಹೋಗಿತ್ತು. ನಾನು ಆರಿಸಿದ್ದು ಅದೊಂದನ್ನೇ!

ಗಾಡಿಯ ವಾಸನೆ ಹೋಗಲೆಂದು ಔಶಾ ಧೂಪ ಹಚ್ಚಿಟ್ಟಿದ್ದಳಂತೆ. ಹೇಗಿದ್ದರೂ ಹೊಗೆ ಇದೆ, ಬಟ್ಟೆಗೂ ಹಿಡಿಯಲಿ ಎಂದು ಅತ್ತೆ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದರಂತೆ.

"ಅತ್ತೆಮ್ಮಾ... ಬೆಂಕಿ ಅಂದ್ಕೊಂಡೆ..."

ಅತ್ತೆ ಧೂಪದಾನಿಯನ್ನು ನನ್ನ ಕೈಗಿಟ್ಟು ಮನೆಯೊಳಗೆ ನಡೆದರು. ಬೈದಿದ್ದರೆ ಬದುಕುತ್ತಿದ್ದೆ! ಔಶಾ ತನ್ನ ಇನ್ನೊಂದು ನಿಲುವಂಗಿ ತೊಡಿಸಿದಳು, ಮುಖ ತೊಳೆಸಿದಳು. ಬೇರೆ ಗಾಡಿ ಇರಲಿಲ್ಲ. ಕಿಟಕಿಗಳನ್ನೆಲ್ಲ ಇಳಿಸಿ, ಪುಡಿ ಹಾರಿಸುತ್ತ ಶಾರ್ಜಾ ನಗರದ ಮದುವೆ ಹಾಲ್‌ನ ದಾರಿ ಹಿಡಿದೆವು. ಎಂಜಿನ್ ಮಾತ್ರ ಏನೂ ಆಗಿಲ್ಲವೆಂಬಂತೆ ಸೊಗಸಾಗಿ ಉಸಿರಾಡುತ್ತಿತ್ತು. ಅದನ್ನು ಮೆಚ್ಚಿಕೊಳ್ಳುವ ಧೈರ್ಯ ಗಾಡಿಯಲ್ಲಿ ಯಾರಿಗೂ ಇರಲಿಲ್ಲ.

ಹೆಂಗಸರ ಹಾಲ್‌ನೊಳಗೆ ನಮಗೆ ಪ್ರವೇಶವಿಲ್ಲ. ಗಂಡಸರ ಡೇರೆಯಲ್ಲಿ ಕುರಿಮಾಂಸದ ಅನ್ನದ ತಟ್ಟೆ ಮುಂದಿಟ್ಟುಕೊಂಡು, ತುತ್ತು ಇಳಿಯದೆ ಕೂತಿದ್ದೆ. ಫೋನ್ ಬಂತು.

"ರೀ, ಅಮ್ಮ ಅಳ್ತಾನೇ ಇದಾಳೆ" ಎಂದಳು ಔಶಾ. "ಮೈಥಾ ಒಳಗೆ ಬಂದಾಗಿನಿಂದ ಧಾರಾಕಾರ! ಯಾರೇ ಕೇಳಿದ್ರೂ, ಹಿರೀ ಅಳಿಯ ಕಣ್ಣಿಗೆ ಪುಡಿ ಹೊಡೆದ ಅಂತಾಳೆ. ಇಡೀ ಹಾಲ್ ನಿಮ್ಮನ್ನ ಶಪಿಸ್ತಿದೆ!"

ಬಿರುದು ಹೋಗಲಿ, ಅತ್ತೆಯ ಕಣ್ಣೇ ಹೋದರೆ? ಸುಹೈಲ್ ಪಕ್ಕದಲ್ಲೇ ಕೂತು ನನ್ನ ಬೆನ್ನು ಸವರಿದ. ಅವನ ಕನಿಕರ ಬೈಗುಳಕ್ಕಿಂತ ಕಹಿಯಾಗಿತ್ತು.

ಮರುದಿನ ಬೆಳಿಗ್ಗೆಯೇ ಕಣ್ಣಿನ ಡಾಕ್ಟರರ ಬಳಿ ಕರೆದೊಯ್ಯಲು ಅತ್ತೆಯ ಮನೆಗೆ ಹೋದೆ. ಅವರು ಒಬ್ಬರೇ ಕೂತು ಖರ್ಜೂರ ಬಿಡಿಸುತ್ತಿದ್ದರು.

"ನಡೀರಿ ಅತ್ತೆಮ್ಮಾ, ಕಣ್ಣು ತೋರಿಸಿಕೊಂಡು ಬರೋಣ. ನನ್ನಿಂದ ದೊಡ್ಡ ತಪ್ಪಾಯ್ತು."

"ಕಣ್ಣಿಗೇನಾಗಿದೆ ದಾಡಿ? ನೀನು ಬಾಗಿಲು ತೆಗೆದಾಗ ಕಣ್ಣು ಮುಚ್ಕೊಂಡೇ ಇದ್ದೆ. ಮೇಲೆ ಮುಖಪಟ್ಟಿ ಬೇರೆ. ಒಂದು ಚೂರೂ ಬಿದ್ದಿಲ್ಲ."

"ಮತ್ತೆ ಅಷ್ಟೊಂದು ಅತ್ರಂತೆ?"

ಅತ್ತೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ಕೊನೇ ಮಗಳು ಕಣೋ. ಹೋಗ್ಬಿಟ್ಳು. ಕರುಳು ಕೇಳಬೇಕಲ್ಲ? ಧೂಪದ ಹೊಗೇಲಿ ಕೂತು ಒಂದ್ಸಲ ಅತ್ತುಬಿಟ್ರೆ, ಕಣ್ಣು ಯಾಕೆ ಕೆಂಪು ಅಂತ ಯಾರೂ ಕೇಳಲ್ಲ ಅಂತ ನಿನ್ನ ಗಾಡೀಲಿ ಕೂತಿದ್ದೆ. ಇನ್ನೇನು ಅಳು ಚೆನ್ನಾಗಿ ಬರ್ತಾ ಇತ್ತು, ಅಷ್ಟರಲ್ಲಿ ನೀನು ಬಂದು ಆರಿಸಿಬಿಟ್ಟೆ!"

ಪಾಪ, ಎಷ್ಟು ವರ್ಷದ ಅಳುವೋ! ಅವರ ಪಕ್ಕ ಕೂತೆ. ಅತ್ತೆ ಒಂದು ಖರ್ಜೂರ ನನ್ನ ಕೈಗಿಟ್ಟರು.

"ಬೇಜಾರು ಮಾಡ್ಕೋಬೇಡ. ಆಮೇಲೆ ಹಾಲ್‌ನಲ್ಲಿ ಹೊಟ್ಟೆ ತುಂಬ ಅತ್ಕೊಂಡೆ. ಒಬ್ಬರೂ ನನಗೆ ಸಮಾಧಾನ ಹೇಳೋಕೆ ಬರಲಿಲ್ಲ. ಎಲ್ಲರೂ ನಿನ್ನ ಬೈಯೋದ್ರಲ್ಲೇ ಇದ್ರು!"

"ಹಾಗಾದ್ರೆ... ಕ್ಷಮಿಸಿದ್ರಾ?"

"ಬರೋ ಚಳಿಗಾಲಕ್ಕೆ ಘಾನಿಮನ ಮಗಳ ಮದುವೆ. ನಾನೇ ಎತ್ತಿ ಆಡಿಸಿದ ಮೊಮ್ಮಗಳು" ಎಂದರು ಅತ್ತೆ, ಕಣ್ಣೊರೆಸಿಕೊಳ್ಳುತ್ತ. "ಆ ಕೆಂಪು ಸಿಲಿಂಡರ್ ತುಂಬಿಸಿಟ್ಟಿರು."