ಆಡಿದವರು ನಾವು, ಪೇಪರಿನಲ್ಲಿ ಅವರು

ಹೆಣ್ಣುಮಕ್ಕಳು ಕಬಡ್ಡಿಗೆ ನಿಂತರೆ ಅಂಕಣದ ಒಳಗಡೆಗಿಂತ ಹೊರಗೇ ಹೆಚ್ಚು ಆಟ ನಡೆಯುತ್ತದೆ. ಎಂಬತ್ತರ ದಶಕದಲ್ಲಿ ನಮ್ಮ ಜೇವರ್ಗಿ ತಂಡ ಬಹುಮಾನದ ಪಂದ್ಯಗಳಿಗೆ ಊರೂರು ತಿರುಗುತ್ತಿತ್ತು, ನಾನೇ ಕ್ಯಾಪ್ಟನ್. ಮದುವೆಯಾದ ಮೇಲೂ ಆಡಲು ಮಾವನವರು ಬಿಟ್ಟಿದ್ದರು. ಆದರೆ ಒಂದು ಕರಾರು: ವರ್ಷದೊಳಗೆ ನನ್ನ ಹೆಸರು ಪೇಪರಿನಲ್ಲಿ ಬರಬೇಕು, ಇಲ್ಲದಿದ್ದರೆ ಕಬಡ್ಡಿ ಬಂದ್. ಪೇಪರಿನಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲ ಎಂದು ನಂಬಿದ ಮನುಷ್ಯ ಅವರು.

೧. ಆಳಂದದ ಸಂದರ್ಶನ

ಆಳಂದದಲ್ಲಿ ಗೆದ್ದೆವು. ಜಿಲ್ಲಾ ಪೇಪರಿನ ವರದಿಗಾರ ಗಂಡಸರ ಕ್ಯಾಪ್ಟನ್ನನ್ನು ಹಿಡಿತದ ಬಗ್ಗೆ ಕೇಳಿದ. ನನ್ನನ್ನು ಕೇಳಿದ್ದು, ಮನೆಯಲ್ಲಿ ರೊಟ್ಟಿ ಬಡಿಯುವವರು ಯಾರು ಎಂದು. ನಾನೇ ಅಂದೆ. ಆಮೇಲೆ ನನ್ನ ರೈಡಿಂಗ್ ವಿದ್ಯೆಯನ್ನೆಲ್ಲ ಬಿಡಿಸಿ ಹೇಳಿದೆ, ಅವನೂ ತಲೆಯಾಡಿಸುತ್ತ ಕೇಳಿದ.

ಮರುದಿನ ಗಂಡಸರೆಲ್ಲರ ಹೆಸರು ಬಂದಿತ್ತು. ಕೊನೆಗೊಂದು ಸಾಲು: 'ಮಹಿಳೆಯರೂ ಆಡಿದರು. ಗೆದ್ದ ತಂಡದ ನಾಯಕಿ ತೆಳ್ಳಗಿನ ರೊಟ್ಟಿ ಮಾಡುತ್ತಾರೆಂದು ತಿಳಿದುಬಂದಿದೆ.'

ಮಾವನವರು ಎರಡು ಸಲ ಓದಿದರು. "ನಿನ್ನ ಹೆಸರು ಇಲ್ಲವ್ವ. ಇದ್ದ ಒಂದು ಸುದ್ದಿನೂ ಸುಳ್ಳ ಅದ."

೨. ಅಫಜಲಪುರದ ಕೊಡ

ಅಫಜಲಪುರದಲ್ಲಿ ಗೆದ್ದ ಗಂಡಸರಿಗೆ ರೊಕ್ಕದ ಲಕೋಟೆ, ಗೆದ್ದ ನಮಗೆ ತಲೆಗೊಂದು ಸ್ಟೀಲ್ ಕೊಡ. ಇದ್ಯಾವ ನ್ಯಾಯ ಎಂದು ಕೇಳಿದೆ. ಕಮಿಟಿ ಅಧ್ಯಕ್ಷರು ಅಕ್ಕರೆಯಿಂದಲೇ ತಿಳಿಹೇಳಿದರು: "ರೊಕ್ಕ ಕೊಟ್ರ ನಿಮ್ಮ ಗಂಡಂದಿರು ಕಸ್ಕೊಂತಾರ ತಂಗಿ. ಕೊಡ ಯಾರೂ ಕಸ್ಕೊಳ್ಳಂಗಿಲ್ಲ."

ವಾಪಸು ಬರುವ ಬಸ್ಸಿನಲ್ಲಿ ಆ ಗಂಡಸರೂ ಇದ್ದರು. ಅವರ ಬಹುಮಾನ ಜೇಬಿನಲ್ಲಿ ಕೂತಿತ್ತು. ನಮ್ಮದು ದಾರಿಗಡ್ಡವಾಗಿ ಉರುಳುತ್ತಿತ್ತು. ಕಂಡಕ್ಟರ್ ಒಂದೊಂದು ಕೊಡಕ್ಕೂ ಲಗೇಜ್ ಟಿಕೀಟು ಹರಿದ. ಬಹುಮಾನ ಗೆದ್ದದ್ದಪ್ಪ ಎಂದು ಗೋಗರೆದರೆ ಅವನಿಗೂ ಕನಿಕರ ಬಂತು.

"ಸೋತು ಬಂದಿದ್ರ ಲಗೇಜ್ ಇರ್ತಿದ್ದಿಲ್ಲ ನೋಡ್ರಿ ಅಕ್ಕಾರ," ಅಂದ.

೩. ಜೇವರ್ಗಿಯ ಫೈನಲ್

ಮಾವನವರು ಕೊಟ್ಟ ವರ್ಷ ಮುಗಿಯುತ್ತ ಬಂದಾಗ ನಮ್ಮೂರಲ್ಲೇ ಪಂದ್ಯ ಇಟ್ಟರು. ಗಂಡಸರ ಫೈನಲ್‌ಗೆ ಇಜೇರಿ, ಯಡ್ರಾಮಿಯ ತಂಡಗಳು ಒಂದೇ ಲಾರಿಯಲ್ಲಿ ಹೊರಟಿದ್ದವು. ಲಾರಿ ದಾರಿಯಲ್ಲೇ ಕೆಟ್ಟು ನಿಂತಿತು. ಅವರು ಬರಲೇ ಇಲ್ಲ. ನೆರೆದ ಜನವೆಲ್ಲ ನಮ್ಮ ಆಟವನ್ನೇ ನೋಡಿತು. ಮಾವನವರು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ಹೊಡೆದರು. ಕೊನೆಯ ರೈಡಿನಲ್ಲಿ ನಾನೇ ಗೆಲ್ಲಿಸಿದೆ. ಅಷ್ಟು ಸಂತೋಷ ನನಗೆ ಮದುವೆಯಲ್ಲೂ ಆಗಿರಲಿಲ್ಲ.

ಅದೇ ಪೇಪರಿಗೆ ನಮ್ಮೂರಿನಿಂದ ಬರೆಯುವ ವರದಿಗಾರನದೊಂದು ಪದ್ಧತಿ ಇತ್ತು. ಸುದ್ದಿಯ ಪಾಕೀಟು ಸಂಜೆ ಬಸ್ಸಿಗೆ ಕಲಬುರಗಿಗೆ ಹೋಗಬೇಕು, ಪಂದ್ಯ ಮುಗಿಯುವುದು ಆಮೇಲೆ. ಆದ್ದರಿಂದ ಮಧ್ಯಾಹ್ನವೇ ಬರೆದುಬಿಡುತ್ತಿದ್ದ. ಮರುದಿನದ ಪೇಪರಿನಲ್ಲಿ ಗಂಡಸರ ಫೈನಲ್ ರೋಮಾಂಚಕಾರಿಯಾಗಿತ್ತು, ಇಜೇರಿ ಗೆದ್ದಿತ್ತು. ನಮ್ಮ ಬಗ್ಗೆ ಒಂದಕ್ಷರವಿಲ್ಲ.

ಮಾವನವರು ಪೇಪರು ಮಡಚಿಟ್ಟರು. ನೀವೇ ನೋಡಿದಿರಲ್ಲ ಮಾವಾರ, ಅಂದೆ.

"ನೋಡೀನಿ, ಖರೆ ಅದ. ಆದ್ರ ಪೇಪರಿನ್ಯಾಗ ಇಲ್ಲಲ್ಲ."

ಮಧ್ಯಾಹ್ನ ಇಜೇರಿಯವರು ಪೇಪರು ಹಿಡಿದುಕೊಂಡೇ ಬಂದು ಗೆದ್ದ ರೊಕ್ಕ ಕೇಳಿದರು. ಅಚ್ಚಾಗಿದ್ದನ್ನು ಅಲ್ಲಗಳೆಯುವುದು ಹೇಗೆಂದು ಕಮಿಟಿಯವರು ಹಾರ ಹಾಕಿ ಕೊಟ್ಟೂಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ನೆಟ್ಟಗೆ ವರದಿಗಾರನ ಮನೆಗೆ ಹೋದೆ. ತಪ್ಪಾಯಿತು, ಮುಂದಿನ ವರ್ಷ ನಿಮ್ಮ ಆಟ ಪೂರಾ ನೋಡಿಯೇ ಬರೆಯುತ್ತೇನೆ ಎಂದು ಕೈಮುಗಿದ.

"ನೋಡೋ ತ್ರಾಸು ತಗೋಬ್ಯಾಡ್ರಿ," ಅಂದೆ. "ಮುಂದಿನ ವರ್ಷ ನಾವೂ ಬರಂಗಿಲ್ಲ. ಆಡಿ ನೋಡಿದ್ವಿ, ಆಗಲಿಲ್ಲ. ಇನ್ನ ಆಡದೆ ಗೆಲ್ತೀವಿ."